ನಕ್ಷೆ, ಬಾಂದುಕಲ್ಲು, ಆಪರೇಷನ್ ಥಿಯೇಟರ್

1896ರ ಜನವರಿ. ರೋಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದು ಎರಡು ತಿಂಗಳಾಗಿತ್ತಷ್ಟೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಹಾಲ್-ಎಡ್ವರ್ಡ್ಸ್ ಎಂಬ ಡಾಕ್ಟರು, ಕೈಯೊಳಗೆ ಮುರಿದು ಹೋಗಿ ಕೂತಿದ್ದ ಸೂಜಿಯ ಎಕ್ಸ್‌ರೇ ತೆಗೆದರು. ಮರುತಿಂಗಳು ಇಂಥದೇ ಒಂದು ಎಕ್ಸ್‌ರೇ ನೋಡಿಕೊಂಡು ಆಪರೇಷನ್ನೂ ನಡೆಯಿತು. ಕುಯ್ಯುವ ಮೊದಲೇ ಒಳಗಿನ ಚಿತ್ರ ನೋಡಿಕೊಳ್ಳುವುದು ಅಲ್ಲಿಂದ ಶುರುವಾಯಿತು.

ಈಗ ಆ ಸರ್ಜನ್ ಜಾಗದಲ್ಲಿ ನೀವು ನಿಂತು ನೋಡಿ. ಎದುರಿಗೆ ರೋಗಿಯ ಅಂಗೈ, ಪಕ್ಕದಲ್ಲಿ ಚಿತ್ರ. ಚಿತ್ರದಲ್ಲಿ ಸೂಜಿ ಕಡ್ಡಿಯ ಹಾಗೆ ಕಾಣುತ್ತಿದೆ. ಅಂಗೈ ಮೇಲೆ ಏನೂ ಇಲ್ಲ. ಚಾಕು ಎಲ್ಲಿ ಇಡುತ್ತೀರಿ? ಸೂಜಿ ಎಷ್ಟು ಆಳದಲ್ಲಿದೆ ಅಂತ ಚಪ್ಪಟೆ ಚಿತ್ರ ಹೇಳುವುದಿಲ್ಲ. ಚಿತ್ರ ತೆಗೆಯುವಾಗ ಕೈಯನ್ನು ಬಿಡಿಸಿ ಇಟ್ಟಿದ್ದರು, ಈಗ ಬೆರಳು ಸ್ವಲ್ಪ ಮಡಚಿದೆ. ಅಷ್ಟರಲ್ಲಿ ಸೂಜಿಯೂ ಒಂಚೂರು ಜರುಗಿರಬಹುದು ಅಲ್ವಾ?

ಇದಾಗಿ 130 ವರ್ಷವಾಯಿತು. ಸಿಟಿ ಸ್ಕ್ಯಾನ್ ಬಂತು, ಎಂಆರ್‌ಐ ಬಂತು, ರೋಬೋಟ್ ಬಂತು. ಈಗ ಕನ್ನಡಕ ಹಾಕಿಕೊಂಡರೆ ಚರ್ಮದ ಒಳಗಿನ ಮೂಳೆಯೇ ಕಂಡಂತೆ ಮಾಡುವ ಆಗ್ಮೆಂಟೆಡ್ ರಿಯಾಲಿಟಿಯೂ ಬಂದಿದೆ. ಆದರೂ ಎಲ್ಲದರ ತಳದಲ್ಲಿ ಕೂತಿರುವುದು ಆ ಸೂಜಿಯ ಪ್ರಶ್ನೆಯೇ: ಚಿತ್ರದಲ್ಲಿರುವ ಈ ಜಾಗ, ದೇಹದಲ್ಲಿ ಎಲ್ಲಿ? ಆಸ್ಪತ್ರೆಯ ಹೋರ್ಡಿಂಗ್‌ಗಳಲ್ಲಿ ರೋಬೋಟಿನ ತೋಳು ಮಿರಿಮಿರಿ ಮಿಂಚುತ್ತಿರುತ್ತದೆ. ಈ ಪ್ರಶ್ನೆ ಮಾತ್ರ ಅಲ್ಲಿ ಕಾಣುವುದಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಜಮೀನು ಅಳತೆ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹದ್ದುಬಸ್ತಿಗೆ ಬಂದ ಸರ್ವೆಯರ್ ಕೈಯಲ್ಲಿ ನಕ್ಷೆ ಇರುತ್ತದೆ. ನಕ್ಷೆಯಲ್ಲಿ ಗೆರೆಗಳೆಲ್ಲ ನೆಟ್ಟಗಿವೆ, ಹೊಲದಲ್ಲಿ ಒಂದು ಗೆರೆಯೂ ಇಲ್ಲ. ಹಾಗಾಗಿ ಅವರು ಮೊದಲು ಹುಡುಕುವುದು ಹಳೆಯ ಬಾಂದುಕಲ್ಲನ್ನು. ನಕ್ಷೆಯಲ್ಲೂ ಇರುವ, ನೆಲದ ಮೇಲೂ ಸಿಗುವ ಮೂರ್ನಾಲ್ಕು ಕಲ್ಲು ಸಿಕ್ಕಿಬಿಟ್ಟರೆ ಉಳಿದದ್ದೆಲ್ಲ ಸರಪಳಿ ಹಿಡಿದು ಗುರುತಿಸಬಹುದು. ಯಾರೋ ರಾತ್ರೋರಾತ್ರಿ ಕಲ್ಲು ಕಿತ್ತು ಎರಡು ಅಡಿ ಆಚೆ ನೆಟ್ಟಿದ್ದರೆ? ನಕ್ಷೆ ಸರಿಯಾಗಿದೆ, ಅಳತೆಯೂ ಸರಿಯಾಗಿದೆ, ಬೇಲಿ ಮಾತ್ರ ಪಕ್ಕದವರ ಹೊಲದಲ್ಲಿ ಬಿದ್ದಿರುತ್ತದೆ.

ಸರ್ಜರಿಯಲ್ಲಿ ಈ ಕೆಲಸಕ್ಕೆ ರಿಜಿಸ್ಟ್ರೇಷನ್ ಎನ್ನುತ್ತಾರೆ. ಜಮೀನಿನ ಮಾತಾಡುತ್ತಾ ಆ ಪದ ಬಳಸಿದರೆ ಸಬ್‌ರಿಜಿಸ್ಟ್ರಾರ್ ಆಫೀಸು ನೆನಪಾಗುತ್ತದೆ. ಅದಕ್ಕೆ ನಾನು ಇಲ್ಲಿ ಅದನ್ನು ತಾಳೆ ಎಂದೇ ಕರೆಯುತ್ತೇನೆ.

ತಾಳೆ ನೋಡಲು ಮೊದಲು ಒಳ್ಳೆಯ ನಕ್ಷೆ ಬೇಕು. ಅದು ಸಿಕ್ಕಿದ್ದು 1971ರ ಅಕ್ಟೋಬರ್ 1ರಂದು. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಅವತ್ತು ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿಟಿ ಸ್ಕ್ಯಾನ್ ಆಯಿತು. ಆ ಯಂತ್ರ ಕಟ್ಟಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಎಂಐ ಕಂಪನಿಯ ಇಂಜಿನಿಯರ್. ಹೌದು, ಗ್ರಾಮಫೋನ್ ರೆಕಾರ್ಡಿನ ಅದೇ ಇಎಂಐ. ಸಿಟಿ ದೇಹವನ್ನು ಬ್ರೆಡ್ ಸ್ಲೈಸಿನಂತೆ ಪದರ ಪದರವಾಗಿ ತೋರಿಸಿತು. ಉದ್ದ, ಅಗಲದ ಜೊತೆಗೆ ಆಳವೂ ಸಿಕ್ಕಿತು.

ಇನ್ನು ಕಲ್ಲು ನೆಡುವುದು. ಇದರ ಹಳೆಯ ದಾರಿ ಸ್ವಲ್ಪ ಒರಟು, ಆದರೆ ಗಟ್ಟಿ. ತಲೆಬುರುಡೆಗೇ ಒಂದು ಲೋಹದ ಚೌಕಟ್ಟನ್ನು ಸ್ಕ್ರೂ ಹಾಕಿ ಬಿಗಿಯುವುದು, ಚೌಕಟ್ಟಿನ ಸಮೇತ ಚಿತ್ರ ತೆಗೆಯುವುದು, ಆಮೇಲೆ ಚೌಕಟ್ಟಿನ ಮೇಲಿನ ಅಳತೆ ಹಿಡಿದು ಒಳಗೆ ಹೋಗುವುದು. 1947ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಪೀಗಲ್ ಮತ್ತು ವೈಸಿಸ್ ಇದನ್ನು ಮನುಷ್ಯರ ಮೇಲೆ ಬಳಸಿದರು. ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನಾಳದಲ್ಲಿ ಎಲೆಕ್ಟ್ರೋಡ್ ಇಡುವಾಗ ಇವತ್ತಿಗೂ ಎಷ್ಟೋ ಕಡೆ ಚೌಕಟ್ಟೇ ಬೇಕು. ಕಲ್ಲು ಮೂಳೆಗೇ ಕಚ್ಚಿಕೊಂಡಿರುವುದರಿಂದ ಅದು ಜರುಗುವ ಭಯ ಕಡಿಮೆ.

ಆದರೆ ಬೆನ್ನಿಗೆ, ಮಂಡಿಗೆ ಹೀಗೆ ಚೌಕಟ್ಟು ಹಾಕಿಕೊಂಡು ಓಡಾಡಲಾಗುತ್ತದೆಯೇ? ಅಲ್ಲಿ ಬೇರೆ ಉಪಾಯ ಬೇಕಾಯಿತು. ಬೆನ್ನುಮೂಳೆಗೆ ಸ್ಕ್ರೂ ಹಾಕುವ ಆಪರೇಷನ್ನನ್ನೇ ಹತ್ತಿರದಿಂದ ನೋಡೋಣ.

ರೋಗಿ ಬೋರಲು ಮಲಗಿದ್ದಾರೆ. ಬೆನ್ನುಮೂಳೆಯ ಒಂದೊಂದು ಮಣಿಯಲ್ಲೂ ಹಿಂಭಾಗವನ್ನು ಮುಂಭಾಗಕ್ಕೆ ಸೇರಿಸುವ ಎರಡು ಕಿರುಸೇತುವೆಗಳಿವೆ. ಪೆಡಿಕಲ್ ಅಂತ ಹೆಸರು. ಸ್ಕ್ರೂ ಹೋಗಬೇಕಾದದ್ದು ಇದರೊಳಗೆ. ಸೊಂಟದ ಹತ್ತಿರ ಜಾಗ ಪರವಾಗಿಲ್ಲ. ಎದೆಯ ಮಧ್ಯದ ಮಣಿಗಳಲ್ಲಿ ಈ ಸೇತುವೆಯ ಅಗಲ ಎಷ್ಟೋ ಜನರಲ್ಲಿ 4-5 ಮಿ.ಮೀ. ಮಾತ್ರ. ಸ್ಕ್ರೂ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಒಳಬದಿಗೆ ಜಾರಿದರೆ ಬೆನ್ನುಹುರಿ, ಕೆಳಗೆ ಜಾರಿದರೆ ನರ, ಮುಂದೆ ದಾಟಿದರೆ ದೊಡ್ಡ ರಕ್ತನಾಳ.

ಅನುಭವಿ ಸರ್ಜನ್‌ಗಳು ಇದನ್ನು ಮೂಳೆಯ ಗುರುತು ಮತ್ತು ಕೈಗೆ ಸಿಗುವ ಬಿಗುವಿನ ಮೇಲೆಯೇ ಮಾಡುತ್ತಾ ಬಂದಿದ್ದಾರೆ, ಈಗಲೂ ಮಾಡುತ್ತಾರೆ. ಜೊತೆಗೆ ಸಿ-ಆರ್ಮ್ ಇರುತ್ತದೆ. ಸಿ ಅಕ್ಷರದ ಆಕಾರದ ಎಕ್ಸ್‌ರೇ ಯಂತ್ರ ಅದು. ಪೆಡಲ್ ಒತ್ತಿದಾಗಲೆಲ್ಲ ಒಂದು ಚಿತ್ರ, ಒಂದಿಷ್ಟು ರೇಡಿಯೇಷನ್. ರೋಗಿಗೆ ಅವತ್ತು ಒಂದು ದಿನ ತಗಲುತ್ತದೆ, ಥಿಯೇಟರ್‌ನಲ್ಲಿರುವವರಿಗೆ ದಿನಾ. ಸೀಸದ ಏಪ್ರನ್ ಹೊತ್ತುಕೊಂಡು ಅವರು ಗಂಟೆಗಟ್ಟಲೆ ನಿಲ್ಲುವುದು ಅದಕ್ಕೇ. ಮೊದಲ ಪ್ಯಾರಾದ ಹಾಲ್-ಎಡ್ವರ್ಡ್ಸ್‌ಗೆ ಏಪ್ರನ್ ಇರಲಿಲ್ಲ. ರೇಡಿಯೇಷನ್ನಿಂದ ಹಾಳಾದ ಅವರ ಎಡಗೈಯನ್ನು 1908ರಲ್ಲಿ ಕತ್ತರಿಸಬೇಕಾಯಿತು.

ನ್ಯಾವಿಗೇಷನ್, ಅಂದರೆ ಉಪಕರಣ ದೇಹದಲ್ಲಿ ಎಲ್ಲಿದೆ ಅಂತ ನಕ್ಷೆಯ ಮೇಲೆ ತೋರಿಸುವ ವ್ಯವಸ್ಥೆ, ಇದ್ದರೆ ಕೆಲಸ ಹೀಗೆ ಸಾಗುತ್ತದೆ. ಬೆನ್ನ ಮೇಲೆ ಕೈಯಾಡಿಸಿದರೆ ಗಂಟುಗಂಟಾಗಿ ಸಿಗುತ್ತದಲ್ಲ, ಆ ಮೂಳೆಗೆ ಒಂದು ಪುಟ್ಟ ಕ್ಲ್ಯಾಂಪ್ ಕಚ್ಚಿಸುತ್ತಾರೆ. ಅದರ ಮೇಲೆ ನಾಲ್ಕೈದು ಬಿಳಿ ಗುಂಡುಗಳು, ಅಡಿಕೆಗಿಂತ ಚಿಕ್ಕವು. ಇವೇ ಬಾಂದುಕಲ್ಲು. ಮಂಚದಿಂದ ಸ್ವಲ್ಪ ದೂರದಲ್ಲಿ ಎರಡು ಕಣ್ಣಿನ ಕ್ಯಾಮೆರಾ. ಅದು ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಗುಂಡುಗಳು ಅದನ್ನು ವಾಪಸ್ ಹೊಳೆಯಿಸುತ್ತವೆ. ನಮ್ಮ ಎರಡು ಕಣ್ಣು ದೂರ ಅಂದಾಜು ಮಾಡುವಂತೆಯೇ ಕ್ಯಾಮೆರಾ ಒಂದೊಂದು ಗುಂಡಿನ ಜಾಗ ಲೆಕ್ಕ ಹಾಕುತ್ತದೆ. ಡ್ರಿಲ್ಲಿಗೂ ಇಂಥದೇ ಗುಂಡುಗಳು. ಆಮೇಲೆ ಮಂಚದ ಮೇಲೆಯೇ ಸ್ಕ್ಯಾನ್. ಆಗ ಸಿಬ್ಬಂದಿ ದೂರ ಸರಿಯಬಹುದು. ಇಷ್ಟಾದ ಮೇಲೆ ಡ್ರಿಲ್ ಅಲ್ಲಾಡಿಸಿದರೆ ಪರದೆಯ ಮೇಲೆ, ಸಿಟಿ ಚಿತ್ರದೊಳಗೆ, ಒಂದು ಬಣ್ಣದ ಗೆರೆಯೂ ಅಲ್ಲಾಡುತ್ತದೆ. ಇದೇ ನೇರಕ್ಕೆ ಹೋದರೆ ತುದಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಕೇಳೋಕೆ ಚೆನ್ನಾಗಿದೆ. ಈಗ ಇದು ಕೈಕೊಡುವ ಬಗೆ ನೋಡಿ. ಯಾರೋ ಕ್ಯಾಮೆರಾಗೆ ಅಡ್ಡ ನಿಂತರೆ ಗೆರೆ ಮಾಯವಾಗುತ್ತದೆ. ಅದು ತೊಂದರೆಯೇ ಅಲ್ಲ, ಮಾಯವಾದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಗುಂಡಿನ ಮೇಲೆ ಒಂದು ಹನಿ ರಕ್ತ ಬಿದ್ದರೆ ಅದರ ಹೊಳಪು ಒಂದು ಬದಿಗೆ ವಾಲಿ ಲೆಕ್ಕ ಕೆಡಬಹುದು. ಇನ್ನು ಯಾರದೋ ಮೊಣಕೈ ತಗುಲಿ ಕ್ಲ್ಯಾಂಪ್ 2 ಮಿ.ಮೀ. ಸರಿಯಿತು ಅನ್ನಿ. ಕಂಪ್ಯೂಟರಿಗೆ ಅದು ಗೊತ್ತೇ ಆಗುವುದಿಲ್ಲ. ಪರದೆಯ ಮೇಲೆ ಗೆರೆ ಮೊದಲಿನಷ್ಟೇ ಚಂದವಾಗಿ, ಮೂಳೆಯ ನಟ್ಟನಡುವೆ ಹೋಗುತ್ತಿರುತ್ತದೆ. ಚಿತ್ರ ಮಸುಕಾದರೆ ಮನುಷ್ಯ ಹುಷಾರಾಗುತ್ತಾನೆ. ಚಿತ್ರ ಚೊಕ್ಕವಾಗಿದ್ದರೆ ನಂಬಿಬಿಡುತ್ತಾನೆ.

ಇನ್ನೊಂದು ಮೋಸ ಇದಕ್ಕಿಂತ ನಯವಾದದ್ದು. ತಲೆಯ ಆಪರೇಷನ್ನಿಗೆ ಹಣೆಯ ಸುತ್ತ ನಾಲ್ಕು ಸ್ಟಿಕ್ಕರ್ ಅಂಟಿಸಿ ತಾಳೆ ನೋಡಿದರು ಎಂದುಕೊಳ್ಳಿ. ಕಂಪ್ಯೂಟರ್ ಒಂದು ಅಂಕಿ ತೋರಿಸುತ್ತದೆ: ತಪ್ಪು 0.8 ಮಿ.ಮೀ. ಸಂತೋಷಪಡಬೇಕು ಅನಿಸುತ್ತದೆ. ಆದರೆ ಆ ಅಂಕಿ ಹೇಳುವುದು ಚಿತ್ರದ ಸ್ಟಿಕ್ಕರ್‌ಗೂ ಹಣೆಯ ಸ್ಟಿಕ್ಕರ್‌ಗೂ ಎಷ್ಟು ಹೊಂದಿದೆ ಅಂತ ಮಾತ್ರ. ಗಡ್ಡೆ ಇರುವುದು ತಲೆಯ ಹಿಂಭಾಗದಲ್ಲಿ. ತಾಳೆ ಬರೀ 1 ಡಿಗ್ರಿ ವಾಲಿದ್ದರೂ 10 ಸೆಂ.ಮೀ. ಆಚೆ ಹೋಗುವಷ್ಟರಲ್ಲಿ ಅದು ಸುಮಾರು 1.7 ಮಿ.ಮೀ. ಆಗಿರುತ್ತದೆ. ನಾಲ್ಕೂ ಸ್ಟಿಕ್ಕರ್ ಒಟ್ಟಿಗೆ ಒಂದೇ ಕಡೆ ಜಾರಿದ್ದರಂತೂ ಅಂಕಿ ಅಷ್ಟೇ ಸೊಗಸಾಗಿ ಬರುತ್ತದೆ! ಅಂಕಿ ಚಿಕ್ಕದಿದೆ ಅಂದ ಮಾತ್ರಕ್ಕೆ ಗುರಿಯಲ್ಲೂ ತಪ್ಪು ಚಿಕ್ಕದು ಅನ್ನಲಾಗದು. ಇದು ಗೊತ್ತಿರುವ ಸರ್ಜನ್ ಕಲ್ಲುಗಳನ್ನು ಒಂದೇ ಕಡೆ ಗುಂಪಾಗಿ ನೆಡದೆ ಗುರಿಯ ಸುತ್ತ ಹರಡುತ್ತಾರೆ.

ಈಗ ರೋಬೋಟಿಗೆ ಬರೋಣ. "ಪಕ್ಕದ ಮನೆಯವರು ರೋಬೋಟ್ ಆಪರೇಷನ್ ಮಾಡಿಸಿಕೊಂಡರಂತೆ" ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಮಂಡಿಗೋ ಹೊಟ್ಟೆಗೋ ಅಂತ. ಯಾಕೆಂದರೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳು ಓಡಾಡುತ್ತಿವೆ.

ಒಂದು ನಕ್ಷೆ ಹಿಡಿದು ನಡೆಯುವಂಥದ್ದು. 1985ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಪ್ಯೂಮಾ ಎಂಬ ಕಾರ್ಖಾನೆಯ ರೋಬೋಟ್ ತೋಳನ್ನೇ ತಂದು, ಸಿಟಿ ನೋಡಿಕೊಂಡು ಮೆದುಳಿನ ಬಯಾಪ್ಸಿಯ (ಪರೀಕ್ಷೆಗೆ ಚೂರು ತೆಗೆಯುವ) ಸೂಜಿಗೆ ದಾರಿ ಹಿಡಿಸಿದರು. 1992ರಲ್ಲಿ ಸ್ಯಾಕ್ರಮೆಂಟೊದಲ್ಲಿ ರೋಬೋಡಾಕ್ ಎಂಬ ಯಂತ್ರ ಸೊಂಟದ ಕೀಲು ಬದಲಾಯಿಸುವಾಗ ತೊಡೆಮೂಳೆಯನ್ನು ಕೊರೆಯಿತು. ಅದಕ್ಕೂ ಮೊದಲು ನಾಯಿಗಳಿಗೆ ಮಾಡಿ ನೋಡಿದ್ದರು. ಈಗ ಬೆಂಗಳೂರಿನ ಹೋರ್ಡಿಂಗ್‌ಗಳಲ್ಲಿ ಕಾಣುವ ಮಂಡಿ ರೋಬೋಟ್‌ಗಳೂ ಇದೇ ವಂಶದವು. ತೊಡೆಮೂಳೆಗೊಂದು, ಕಾಲಿನ ಮೂಳೆಗೊಂದು ಗುರುತು ನೆಟ್ಟು, ಸರ್ಜನ್ ಮೊನಚು ಕಡ್ಡಿಯೊಂದರಿಂದ ಮೂಳೆಯ ಮೇಲೆ ಹತ್ತಾರು ಕಡೆ ಮುಟ್ಟುತ್ತಾ ಹೋಗುತ್ತಾರೆ. ಮುಟ್ಟಿದ ಜಾಗಗಳನ್ನು ಯಂತ್ರ ನಕ್ಷೆಯ ಜೊತೆ ತಾಳೆ ಹಾಕಿಕೊಳ್ಳುತ್ತದೆ. ಮೇಕೋದಂಥ ಯಂತ್ರದಲ್ಲಿ ಗರಗಸ ಹಿಡಿದಿರುವುದು ಸರ್ಜನ್ನೇ. ಆದರೆ ನಿಗದಿಯಾದ ಗಡಿ ದಾಟಲು ಹೋದರೆ ತೋಳು ಬಿಗಿಯಾಗಿ ತಡೆಯುತ್ತದೆ. ಗೂಟಕ್ಕೆ ಕಟ್ಟಿದ ಹಸು ಹಗ್ಗದ ಉದ್ದದವರೆಗೆ ಮಾತ್ರ ಮೇಯುತ್ತದಲ್ಲ, ಹಾಗೆ. ಗೂಟ ಸರಿಯಾದ ಜಾಗದಲ್ಲಿದೆಯೇ ಅನ್ನುವುದು ಮಾತ್ರ ಮತ್ತೆ ತಾಳೆಯ ವಿಷಯ.

ಇನ್ನೊಂದು ಬಗೆಯದಕ್ಕೆ ನಕ್ಷೆಯೇ ಬೇಡ. ಅದು ಸರ್ಜನ್ ಕೈಯನ್ನು ಹಿಂಬಾಲಿಸುತ್ತದೆ ಅಷ್ಟೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡ ವಿಂಚಿ ಇಂಥದ್ದು. ಸರ್ಜನ್ ಕೆಲವು ಅಡಿ ದೂರದಲ್ಲಿ ಕುಳಿತು ಕೈಯಾಡಿಸುತ್ತಾರೆ, ರೋಗಿಯ ಹೊಟ್ಟೆಯೊಳಗೆ ಪುಟ್ಟ ಉಪಕರಣಗಳು ಆಡುತ್ತವೆ. ಸಾಮಾನ್ಯ ಕೀಹೋಲ್ ಸರ್ಜರಿಯಲ್ಲಿ ಉದ್ದ ಕಡ್ಡಿಯೊಂದು ಚಿಕ್ಕ ತೂತಿನಿಂದ ಒಳಗೆ ಹೋಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಕನ್ನಡಿ ನೋಡಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ರೋಬೋಟ್ ಈ ಉಲ್ಟಾವನ್ನು ಸರಿಮಾಡುತ್ತದೆ. ಕೈ 3 ಸೆಂ.ಮೀ. ಆಡಿದರೆ ತುದಿ 1 ಸೆಂ.ಮೀ. ಆಡುವಂತೆ ಇಳಿಸಿಕೊಳ್ಳಬಹುದು. ಎಂಥ ಗಟ್ಟಿ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಿರುತ್ತದೆ, ಆ ನಡುಕವನ್ನೂ ಸೋಸಿಬಿಡುತ್ತದೆ. ಬಹಳ ಕಾಲ ಇದಕ್ಕಿದ್ದ ಕೊರತೆ ಸ್ಪರ್ಶದ್ದು. ದಾರ ಎಷ್ಟು ಬಿಗಿಯಾಯಿತು ಅಂತ ಕಣ್ಣಲ್ಲೇ ಅಂದಾಜು ಮಾಡಬೇಕಿತ್ತು. 2024ರಲ್ಲಿ ಒಪ್ಪಿಗೆ ಪಡೆದ ಹೊಸ ಮಾದರಿಯಲ್ಲಿ ಆ ಬಿಗುವು ಕೈಗೂ ಸ್ವಲ್ಪ ಗೊತ್ತಾಗುವಂತೆ ಮಾಡಿದ್ದಾರೆ.

ಕೈ ಇಲ್ಲಿ, ತುದಿ ಅಲ್ಲಿ ಎಂದಾದ ಮೇಲೆ ದೂರ ಎಷ್ಟಿದ್ದರೇನು? 2001ರ ಸೆಪ್ಟೆಂಬರ್ 7ರಂದು ಜಾಕ್ ಮರೆಸ್ಕೊ ನ್ಯೂಯಾರ್ಕ್‌ನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದರು. 2025ರ ಜನವರಿಯಲ್ಲಿ ಭಾರತದಲ್ಲೇ ತಯಾರಾದ ಎಸ್‌ಎಸ್‌ಐ ಮಂತ್ರ ರೋಬೋಟಿನಿಂದ ಗುರುಗ್ರಾಮದಲ್ಲಿ ಕುಳಿತು ಜೈಪುರದ ರೋಗಿಯ ಹೃದಯದ ಸರ್ಜರಿಯಲ್ಲಿ ಕೈಯಾಡಿಸಿದ್ದೂ ಆಯಿತು. ಸುದ್ದಿಗೆ ಇದು ಭರ್ಜರಿ. ದಿನನಿತ್ಯದ ಸರ್ಜರಿಗೆ ಇದರಿಂದ ಸದ್ಯಕ್ಕೆ ಹೆಚ್ಚೇನೂ ಬದಲಾಗಿಲ್ಲ ಅನ್ನುವುದು ನನ್ನ ಅನಿಸಿಕೆ.

ಆಗ್ಮೆಂಟೆಡ್ ರಿಯಾಲಿಟಿ ಹುಟ್ಟಿದ್ದು ಕತ್ತಿನ ಕಷ್ಟದಿಂದ ಅಂದರೂ ನಡೆಯುತ್ತದೆ. ನ್ಯಾವಿಗೇಷನ್ನಿನಲ್ಲಿ ಕೈ ರೋಗಿಯ ಮೇಲೆ, ಕಣ್ಣು ದೂರದ ಪರದೆಯ ಮೇಲೆ. ಆಚೆ ನೋಡಿ, ಈಚೆ ನೋಡಿ, ಮತ್ತೆ ಆಚೆ. ಆ ಪರದೆಯನ್ನೇ ಕಣ್ಣಿನ ಮುಂದೆ ತಂದರೆ? 2020ರ ಜೂನ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಸರ್ಜನ್‌ಗಳು ಇಂಥ ಹೆಡ್‌ಸೆಟ್ ಹಾಕಿಕೊಂಡು ರೋಗಿಯೊಬ್ಬರ ಬೆನ್ನಿಗೆ ಆರು ಸ್ಕ್ರೂ ಕೂರಿಸಿದರು. ಪಾರದರ್ಶಕ ಗಾಜಿನ ಮೂಲಕ ರೋಗಿಯೂ ಕಾಣುತ್ತಾರೆ, ಅದರ ಮೇಲೆ ಅದೇ ರೋಗಿಯ ಸಿಟಿಯಿಂದ ಮಾಡಿದ ಮೂಳೆಯ ಚಿತ್ರವೂ ಕಾಣುತ್ತದೆ. ಕತ್ತು ತಿರುಗಿಸಬೇಕಿಲ್ಲ.

ಇದರ ತೊಡಕು ಕಣ್ಣಿನಲ್ಲೇ ಇದೆ. ಮೊದಲು ಬಂದ ಹೋಲೋಲೆನ್ಸ್‌ನಂಥ ಹೆಡ್‌ಸೆಟ್‌ಗಳು ಚಿತ್ರವನ್ನು ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿ ತೋರಿಸುತ್ತಿದ್ದವು. ಸರ್ಜನ್ ಕೈ ಇರುವುದು ಒಂದೂವರೆ ಅಡಿ ದೂರದಲ್ಲಿ. ಕಣ್ಣು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಇನ್ನೊಂದು ಮಸುಕು. ಅಲ್ಲದೆ ಒಳಗಿರಬೇಕಾದ ಮೂಳೆಯನ್ನು ಚರ್ಮದ ಮೇಲೆ ಬರೆದರೆ ಅದು ಒಳಗಿದೆ ಅಂತ ಮೆದುಳು ಒಪ್ಪುವುದಿಲ್ಲ, ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಚಿತ್ರ ಚೆನ್ನಾಗಿದ್ದಷ್ಟೂ ಇನ್ನೊಂದು ಅಪಾಯ ಬೆಳೆಯುತ್ತದೆ. 2013ರಲ್ಲಿ ಪ್ರಕಟವಾದ ಟೊರೊಂಟೊದ ಅಧ್ಯಯನವೊಂದರಲ್ಲಿ ಶವದ ಮೂಗಿನೊಳಗೆ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಗುರಿ ಹುಡುಕಲು ಸರ್ಜನ್‌ಗಳಿಗೆ ಹೇಳಿದ್ದರು. ಕೆಲವರ ಪರದೆಯ ಮೇಲೆ ಬಣ್ಣದ ಗೆರೆಗಳ ಸಹಾಯ ಇತ್ತು. ಅವರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು. ಆದರೆ ದಾರಿಯಲ್ಲಿ ಇಟ್ಟಿದ್ದ, ಅಲ್ಲಿರಲೇಬಾರದ ಸ್ಕ್ರೂ ಒಂದನ್ನು ನೋಡದೆ ಬಿಟ್ಟವರೂ ಅವರಲ್ಲೇ ಜಾಸ್ತಿ. ಮ್ಯಾಪ್ ನೋಡಿಕೊಂಡು ಗಾಡಿ ಓಡಿಸುತ್ತಾ ಗುಂಡಿಗೆ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಮೂಳೆಯ ಕಥೆ. ಮೂಳೆ ಒಳ್ಳೆಯದು, ಇಟ್ಟಲ್ಲಿ ಇರುತ್ತದೆ. ಮೆದುಳು ಹಾಗಲ್ಲ. ತಲೆಬುರುಡೆ ತೆರೆದೊಡನೆ ಮೆದುಳಿನ ಸುತ್ತಲಿನ ದ್ರವ ಸೋರುತ್ತದೆ, ಮೆದುಳು ತನ್ನ ಭಾರಕ್ಕೆ ಕುಸಿಯುತ್ತದೆ, ಗಡ್ಡೆ ತೆಗೆಯುತ್ತಾ ಹೋದಂತೆ ಆ ಖಾಲಿಯೊಳಕ್ಕೆ ಸುತ್ತಲಿನದು ಬಾಗುತ್ತದೆ. ಜರುಗುವುದು 1 ಸೆಂ.ಮೀ. ಆಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಬಾಂದುಕಲ್ಲು ಅಲ್ಲೇ ಇದೆ, ಹೊಲವೇ ಜಾರಿಬಿಟ್ಟಿದೆ. ಬೆಳಿಗ್ಗೆ ತೆಗೆದ ಎಂಆರ್‌ಐ ಮಧ್ಯಾಹ್ನಕ್ಕೆ ಹಳೆಯ ನಕ್ಷೆ. ಲಿವರ್ ಕಥೆಯೂ ಇದೇ, ಉಸಿರಾಡಿದಾಗಲೆಲ್ಲ ಅದು ಮೇಲೆ ಕೆಳಗೆ ಹೋಗುತ್ತಿರುತ್ತದೆ.

ಒಂದು ಪರಿಹಾರ, ನಕ್ಷೆಯನ್ನು ನಡುನಡುವೆ ಹೊಸದಾಗಿ ತೆಗೆಯುವುದು. 1994ರಲ್ಲಿ ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ಎರಡು ಕೋಡುಬಳೆ ಪಕ್ಕಪಕ್ಕ ನಿಲ್ಲಿಸಿದಂಥ ಎಂಆರ್‌ಐ ಯಂತ್ರ ಇಟ್ಟು, ನಡುವಿನ ಸಂದಿಯಲ್ಲಿ ಸರ್ಜನ್ ನಿಲ್ಲುವಂತೆ ಮಾಡಿದರು. ಕತ್ತರಿಯಿಂದ ಹಿಡಿದು ಎಲ್ಲವೂ ಆಯಸ್ಕಾಂತಕ್ಕೆ ಸಿಗದ ಲೋಹದ್ದಾಗಬೇಕಿತ್ತು. ವಿಪರೀತ ದುಬಾರಿ ದಾರಿ. ಅಲ್ಟ್ರಾಸೌಂಡ್ ಅಗ್ಗ, ಚಿತ್ರ ಅಷ್ಟು ಚಂದವಿರದಿದ್ದರೂ ಆ ಕ್ಷಣದ್ದು.

ನನಗೆ ತುಂಬಾ ಇಷ್ಟವಾಗುವುದು ಇನ್ನೊಂದು ದಾರಿ: ನಕ್ಷೆಯನ್ನೇ ಬಿಟ್ಟುಬಿಡುವುದು. ಕೆಲವು ಬಗೆಯ ಮೆದುಳಿನ ಗಡ್ಡೆಗೆ ಆಪರೇಷನ್ನಿನ ಕೆಲವು ಗಂಟೆ ಮೊದಲು ರೋಗಿಗೆ 5-ಎಎಲ್‌ಎ ಎಂಬ ದ್ರಾವಣ ಕುಡಿಸುತ್ತಾರೆ. ಗಡ್ಡೆಯ ಜೀವಕೋಶಗಳು ಅದನ್ನು ಬೆಳಗುವ ವಸ್ತುವಾಗಿ ಮಾರ್ಪಡಿಸಿಕೊಂಡು ತಮ್ಮಲ್ಲೇ ಜಾಸ್ತಿ ಉಳಿಸಿಕೊಳ್ಳುತ್ತವೆ. ಥಿಯೇಟರ್ ದೀಪ ಮಂದ ಮಾಡಿ ಮೈಕ್ರೋಸ್ಕೋಪಿನಿಂದ ನೀಲಿ ಬೆಳಕು ಬಿಟ್ಟರೆ ಮೆದುಳೆಲ್ಲ ಕಡುನೀಲಿ, ಗಡ್ಡೆ ಮಾತ್ರ ಗುಲಾಬಿಗೆಂಪು. ಬಿಳಿ ದೀಪದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು! 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಈ ಬೆಳಕು ಬಳಸಿದವರ ಪೈಕಿ 65% ಜನರಲ್ಲಿ ಸ್ಕ್ಯಾನಿನಲ್ಲಿ ಕಾಣುವ ಗಡ್ಡೆ ಪೂರ್ತಿ ತೆಗೆಯಲಾಯಿತು, ಬಳಸದವರಲ್ಲಿ 36%. ಪಿತ್ತಕೋಶದ ಆಪರೇಷನ್ನಿನಲ್ಲಿ ಇಂಡೋಸಯನೈನ್ ಗ್ರೀನ್ ಎಂಬ ಬಣ್ಣದ್ದೂ ಇಂಥದೇ ಕೆಲಸ. ರಕ್ತಕ್ಕೆ ಕೊಟ್ಟ ಬಣ್ಣವನ್ನು ಲಿವರ್ ಪಿತ್ತರಸಕ್ಕೆ ಸೇರಿಸುತ್ತದೆ, ಕತ್ತರಿಸಬಾರದ ಪಿತ್ತನಾಳ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಗಡ್ಡೆ ಜರುಗಿದರೆ ಬೆಳಕೂ ಅದರ ಜೊತೆಗೇ ಜರುಗುತ್ತದೆ. ತಾಳೆಯ ಗೊಡವೆಯೇ ಇಲ್ಲ. ಅಂಚಿನಲ್ಲಿ ಚದುರಿದ ಕೋಶಗಳು ಹೊಳೆಯದೆ ಉಳಿಯಬಹುದು ಅನ್ನುವುದು ಇದರ ಮಿತಿ.

ಹಾಗಾದರೆ ಇಷ್ಟೆಲ್ಲ ಇದ್ದರೆ ಆಪರೇಷನ್ ಚೆನ್ನಾಗಿಯೇ ಆಗುತ್ತದಾ? ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದನ್ನು ನೋಡಿ. ಗರ್ಭಕೋಶವನ್ನು ಸುತ್ತಲಿನ ಅಂಗಾಂಶದ ಸಮೇತ ತೆಗೆಯುವ ರ‍್ಯಾಡಿಕಲ್ ಆಪರೇಷನ್ನನ್ನು ಕೀಹೋಲ್ ಅಥವಾ ರೋಬೋಟ್ ಮೂಲಕ ಮಾಡಿದವರಲ್ಲಿ ನಾಲ್ಕೂವರೆ ವರ್ಷದ ನಂತರ 86% ಮಂದಿಗೆ ಕಾಯಿಲೆ ಮರುಕಳಿಸಿರಲಿಲ್ಲ. ಹೊಟ್ಟೆ ತೆರೆದು ಮಾಡಿದವರಲ್ಲಿ 96.5%. ಚಿಕ್ಕ ಗಾಯ, ಬೇಗ ಮನೆಗೆ, ಎಲ್ಲ ನಿಜ. ಕ್ಯಾನ್ಸರ್ ಮಾತ್ರ ಹೆಚ್ಚು ಮಂದಿಗೆ ವಾಪಸ್ ಬಂತು. ಇದು ಆ ಒಂದು ಆಪರೇಷನ್ನಿನ ಮಾತು, ಎಲ್ಲದಕ್ಕೂ ಎಳೆದು ಹಚ್ಚಬಾರದು. ಆದರೆ "ರೋಬೋಟ್ ಇದೆಯಾ?" ಎಂದು ಸುಮ್ನೆ ಕೇಳುವುದಕ್ಕಿಂತ "ನನ್ನ ಕಾಯಿಲೆಗೆ ಇದರಿಂದ ಏನು ಲಾಭ, ನೀವು ಇದರಲ್ಲಿ ಎಷ್ಟು ಆಪರೇಷನ್ ಮಾಡಿದ್ದೀರಿ?" ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ದುಡ್ಡಿನ ವಿಷಯದಲ್ಲಿ, ರೋಬೋಟಿಕ್ ಸರ್ಜರಿಯನ್ನು ಆರೋಗ್ಯ ವಿಮೆಯಿಂದ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಬಹುದು. ಪಾಲಿಸಿಯ ಸಣ್ಣಕ್ಷರ ಮೊದಲೇ ಓದಿಕೊಂಡಿರಿ.

ಮಂಡಿ, ಬೆನ್ನಿನ ಆಪರೇಷನ್ ಆದರೆ ಇನ್ನೊಂದು ಪ್ರಶ್ನೆ ಕೇಳಬಹುದು: ತಾಳೆ ತಪ್ಪಿದ್ದು ನಿಮಗೆ ಹೇಗೆ ಗೊತ್ತಾಗುತ್ತದೆ? ಒಳ್ಳೆಯ ಸರ್ಜನ್ನಿಗೆ ಇದು ದಿನಾ ಮಾಡುವ ಕೆಲಸ. ಡ್ರಿಲ್ ಎತ್ತಿಕೊಳ್ಳುವ ಮೊದಲು ಆ ಮೊನಚು ಕಡ್ಡಿ ತೆಗೆದು, ತಮ್ಮ ಕಣ್ಣಿಗೇ ಕಾಣುತ್ತಿರುವ ಮೂಳೆಯ ಒಂದು ಮೂಲೆಯ ಮೇಲೆ ಇಡುತ್ತಾರೆ, ಪರದೆ ನೋಡುತ್ತಾರೆ. ಪರದೆಯಲ್ಲೂ ಕಡ್ಡಿಯ ತುದಿ ಅದೇ ಮೂಲೆಯ ಮೇಲಿದ್ದರೆ ಮುಂದಿನ ಕೆಲಸ. ಮೂಳೆಯಿಂದ 3 ಮಿ.ಮೀ. ಮೇಲೆ ಗಾಳಿಯಲ್ಲಿ ನಿಂತಿದ್ದರೆ ಡ್ರಿಲ್ ಪಕ್ಕಕ್ಕೆ ಹೋಗುತ್ತದೆ, ಸ್ಕ್ಯಾನ್ ಮತ್ತೆ ಮೊದಲಿನಿಂದ.